ಆ ಧ್ವನಿ ನಿಂತಾಗ ಮನೆ ದಾರಿ ಯಾವುದು?

ನನ್ನ ಚಿಕ್ಕಮ್ಮನ ಮಗ ಮುಂದಿನ ತಿಂಗಳು ಕೆಲಸಕ್ಕೆಂದು ಇಂಗ್ಲೆಂಡಿಗೆ ಬರುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಕೇಳಿದ: "ಅಕ್ಕ, ಅಲ್ಲಿ ಕಾರು ತಗೊಂಡ್ರೆ ಸ್ಯಾಟ್‌ನ್ಯಾವ್ ಬೇರೆ ಕೊಳ್ಳಬೇಕಾ? ಫೋನ್ ಸಾಲದಾ?" ಸ್ಯಾಟ್‌ನ್ಯಾವ್ ಅಂದರೆ ಉಪಗ್ರಹದ ನೆರವಿನಿಂದ ದಾರಿಯನ್ನು ಬಾಯಲ್ಲಿ ಹೇಳುವ ಪುಟ್ಟ ಯಂತ್ರ. ಅವತ್ತು ಗಡಿಬಿಡಿಯಲ್ಲಿದ್ದೆ, "ಬಾ, ನೋಡೋಣ" ಅಂದುಬಿಟ್ಟೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇಲ್ಲಿಗೆ ಬರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಮನೆ ಶೆಫೀಲ್ಡಿನಲ್ಲಿ, ಕೆಲಸ ಚೆಸ್ಟರ್‌ಫೀಲ್ಡಿನಲ್ಲಿ. ಎ61 ರಸ್ತೆ ಹಿಡಿದರೆ ಹೆಚ್ಚು ಕಡಿಮೆ 12 ಮೈಲಿ. ಕಾರು ಕೊಂಡ ದಿನದಿಂದಲೂ ಫೋನ್ ಹೇಳಿದ ಹಾಗೆ ಓಡಿಸುತ್ತಿದ್ದೆ. ಎಂಟು ತಿಂಗಳಾಗಿತ್ತು. ಒಂದು ನವೆಂಬರ್ ಸಂಜೆ ಜೋರು ಮಳೆ. ಕೆಲಸದಿಂದ ಹೊರಟು ಐದು ನಿಮಿಷಕ್ಕೆ ಚಾರ್ಜ್ ಮುಗಿದು ಫೋನ್ ಆರಿಹೋಯಿತು. ಎದುರಿಗೆ ದೊಡ್ಡ ರೌಂಡ್‌ಅಬೌಟ್, ಅಂದರೆ ಹಲವು ರಸ್ತೆ ಕೂಡುವ ವೃತ್ತ. ದಿನವೂ ದಾಟುವ ಜಾಗ ಅದು. ಆದರೆ ಯಾವ ಕಡೆ ಹೊರಗೆ ಹೋಗಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಫೋನ್ "ಮೂರನೇ ಎಕ್ಸಿಟ್" ಅಂದರೆ ಮೂರು ಎಣಿಸುತ್ತಿದ್ದೆ, ಅಷ್ಟೇ. ಯಾವತ್ತೂ ಬೋರ್ಡ್ ಓದಿರಲಿಲ್ಲ.

ತಪ್ಪಾಗಿ ಎ617ಕ್ಕೆ ಬಿದ್ದೆ. ಅದು ನೇರ ಎಂ1 ಮೋಟರ್‌ವೇಯ (ವೇಗದ ಹೆದ್ದಾರಿಯ) 29ನೇ ಜಂಕ್ಷನ್‌ಗೆ ಹೋಗುತ್ತದೆ. ಅಲ್ಲಿ ಲೇನ್ ಬದಲಿಸಲು ಆಗದೆ, ಉತ್ತರಕ್ಕೆ ಹೋಗಬೇಕಾದವಳು ದಕ್ಷಿಣಕ್ಕೆ, ನಾಟಿಂಗ್‌ಹ್ಯಾಮ್ ಕಡೆಗೆ ಇಳಿದೆ. ಮೋಟರ್‌ವೇಯಲ್ಲಿ ಸುಮ್ನೆ ನಿಲ್ಲಿಸುವಂತಿಲ್ಲ, ಹಿಂದೆ ತಿರುಗುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. 28ನೇ ಜಂಕ್ಷನ್ ಬರುವ ತನಕ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದೆ. ಆ ಭಯ ಇವತ್ತಿಗೂ ನೆನಪಿದೆ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. 2017ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು 24 ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಪರದೆ ಮೇಲೆ ಲಂಡನ್ನಿನ ಸೋಹೊ ಬೀದಿಗಳಲ್ಲಿ ದಾರಿ ಹುಡುಕಿಸಿದರು. ತಾವೇ ಹುಡುಕಿದಾಗ, ಹೊಸ ಬೀದಿಗೆ ಬಂದಾಗಲೆಲ್ಲ ಹಿಪೊಕ್ಯಾಂಪಸ್ ಚುರುಕಾಗಿ ಕೆಲಸ ಮಾಡಿತು. ಜಾಗಗಳ ನೆನಪಿಗೆ ಬೇಕಾದ ಭಾಗ ಅದು. ಸ್ಯಾಟ್‌ನ್ಯಾವ್ ಹೇಳಿದಂತೆ ಹೋದಾಗ ಆ ಚುರುಕು ಕಾಣಲಿಲ್ಲ. ಇನ್ನೊಂದು ಕಡೆ ಲಂಡನ್ನಿನ ಕಪ್ಪು ಟ್ಯಾಕ್ಸಿಯವರನ್ನು ನೋಡಿ. ಲೈಸೆನ್ಸ್ ಬೇಕಾದರೆ ಅವರು ಸುಮಾರು 25,000 ಬೀದಿಗಳನ್ನು ತಲೆಯಲ್ಲೇ ಇಟ್ಟುಕೊಂಡು 'ನಾಲೆಡ್ಜ್' ಅನ್ನುವ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರದ್ದಕ್ಕಿಂತ ದೊಡ್ಡದಿದೆ ಅಂತ 2000ದಲ್ಲೇ ಅದೇ ಕಾಲೇಜಿನವರು ತೋರಿಸಿದ್ದರು. ನಾವು ಅಷ್ಟು ಕಲಿಯಬೇಕಿಲ್ಲ, ಸರಿ. ಆದರೆ ಮನೆ ದಾರಿಯನ್ನಾದರೂ ಕಲಿಯಬೇಕು ಅಲ್ವಾ?

ಇಲ್ಲಿ ಕಲಿಯುವುದು ಕಷ್ಟವಲ್ಲ, ಯಾಕೆಂದರೆ ಬೋರ್ಡ್‌ಗಳು ತುಂಬಾ ಚೆನ್ನಾಗಿವೆ. ನೀಲಿ ಬೋರ್ಡ್ ಅಂದರೆ ಮೋಟರ್‌ವೇ, ಹಸಿರು ಅಂದರೆ ಮುಖ್ಯ ರಸ್ತೆ, ಬಿಳಿ ಅಂದರೆ ಉಳಿದ ರಸ್ತೆ. ರಸ್ತೆ ಸಂಖ್ಯೆ ಕಂಸದೊಳಗೆ ಇದ್ದರೆ ನೀವು ಇನ್ನೂ ಆ ರಸ್ತೆಯಲ್ಲಿ ಇಲ್ಲ, ಈ ದಾರಿ ಅಲ್ಲಿಗೆ ಒಯ್ಯುತ್ತದೆ ಅಂತ ಅರ್ಥ. ಸಂಖ್ಯೆಗಳಿಗೂ ಒಂದು ಲೆಕ್ಕ ಇದೆ. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವುದು ಎ1. ಆ ಎ1ರಿಂದ ಗಡಿಯಾರದ ಮುಳ್ಳಿನ ಹಾಗೆ ಸುತ್ತಿದರೆ ಡೋವರ್ ಕಡೆಗೆ ಎ2, ಆಮೇಲೆ ಎ3, ಹೀಗೆ ಎ6ರ ತನಕ. ಎ6 ಮತ್ತು ಎ1 ನಡುವಿನ ಸೀಳಿನಲ್ಲಿರುವ ರಸ್ತೆಗಳು ಸಾಮಾನ್ಯವಾಗಿ 6ರಿಂದ ಶುರುವಾಗುತ್ತವೆ. ನನ್ನ ಎ61, ನಾನು ದಾರಿ ತಪ್ಪಿದ ಎ617, ಎರಡೂ ಅಲ್ಲಿನವೇ. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಮೋಟರ್‌ವೇ ಮುಚ್ಚಿದರೂ ದಾರಿ ಇರುತ್ತದೆ. ಎಷ್ಟೋ ಕಡೆ ಬೋರ್ಡ್‌ಗಳ ಮೇಲೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಬಣ್ಣದ ಚಿಕ್ಕ ಚೌಕ, ತ್ರಿಕೋನ ಅಥವಾ ವೃತ್ತ ಕಾಣುತ್ತದೆ. ಯಾವ ಗುರುತು ಹಿಡಿಯಬೇಕು ಅಂತ ಮೊದಲೇ ಹೇಳಿರುತ್ತಾರೆ. ಅದನ್ನೇ ನೋಡುತ್ತಾ ಹೋದರೆ ಸುತ್ತು ಹಾಕಿ ಮತ್ತೆ ಮೋಟರ್‌ವೇಗೆ ಬಂದು ಸೇರುತ್ತೀರಿ.

ಹಾಗಂತ ಸ್ಯಾಟ್‌ನ್ಯಾವ್ ಬೇಡ ಅನ್ನುತ್ತಿಲ್ಲ. ಗೊತ್ತಿಲ್ಲದ ಊರಿನ ಐದು ಲೇನಿನ ರೌಂಡ್‌ಅಬೌಟ್‌ನಲ್ಲಿ ಯಾವ ಲೇನ್ ಅಂತ ಮೊದಲೇ ಹೇಳುವುದು ದೊಡ್ಡ ಉಪಕಾರ. ಲಾರಿ ಓಡಿಸುವವರಿಗಂತೂ ಬೇಕೇ ಬೇಕು, ಅದೂ ಲಾರಿಯ ಎತ್ತರ, ತೂಕ ಹಾಕಲು ಬರುವಂಥದ್ದು. ಕಾರಿನ ಸ್ಯಾಟ್‌ನ್ಯಾವ್ ನಂಬಿ ತಗ್ಗಾದ ರೈಲ್ವೆ ಸೇತುವೆಗೆ ಲಾರಿ ಗುದ್ದುವುದು ಇಲ್ಲಿ ಹೊಸ ಸುದ್ದಿ ಅಲ್ಲ.

ಫೋನ್ ಸಾಲದಾ ಅಂದರೆ, ಊರೊಳಗೆ ಧಾರಾಳವಾಗಿ ಸಾಕು. ಗುಡ್ಡಗಾಡಿಗೆ ಹೋಗುವಾಗ ಮಾತ್ರ ಯೋಚಿಸಬೇಕು. ವೇಲ್ಸ್, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್, ನಮ್ಮ ಪಕ್ಕದ ಪೀಕ್ ಡಿಸ್ಟ್ರಿಕ್ಟ್, ಇಲ್ಲೆಲ್ಲ ನೆಟ್‌ವರ್ಕ್ ಸಿಗದ ಜಾಗಗಳಿವೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿಂದ ಸಂಕೇತ ಕಳಿಸುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ತಿಳಿಯುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಡ. ನೆಟ್‌ವರ್ಕ್ ಇಲ್ಲದಾಗ ಕೈಕೊಡುವುದು ನಕ್ಷೆ. ಬೇರೆಯಾಗಿ ಕೊಳ್ಳುವ ಸ್ಯಾಟ್‌ನ್ಯಾವ್‌ನಲ್ಲಿ ನಕ್ಷೆ ಒಳಗೇ ಇರುತ್ತದೆ. ಫೋನ್ ಆದರೆ ಹೊರಡುವ ಮೊದಲೇ ಇಳಿಸಿಕೊಳ್ಳಬೇಕು. ಇನ್ನೊಂದು ಮಾತು: ಹಳ್ಳಿಗಳಲ್ಲಿ ಒಂದೇ ಪೋಸ್ಟ್‌ಕೋಡ್ ದೂರ ದೂರದ ಹಲವು ಮನೆಗಳಿಗೆ ಇರುತ್ತದೆ. ಅದನ್ನಷ್ಟೇ ಹಾಕಿದರೆ ಹೊಲದ ನಡುವೆ "ತಲುಪಿದ್ದೀರಿ" ಅನ್ನುತ್ತದೆ. ಮನೆಯವರ ಹತ್ತಿರ ಗುರುತು ಕೇಳಿಕೊಂಡು ಹೊರಡಿ.

ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯಬೇಡ ತಮ್ಮಾ. ಕೆಂಪು ದೀಪದಲ್ಲಿ ನಿಂತಿದ್ದರೂ ತಪ್ಪೇ. 200 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್. ಇಲ್ಲಿನ ಟೆಸ್ಟ್ ಪಾಸಾಗಿ ಎರಡು ವರ್ಷ ಆಗಿರದಿದ್ದರೆ ಆ 6 ಪಾಯಿಂಟ್‌ಗೆ ಲೈಸೆನ್ಸೇ ಹೋಗುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸಿ, ರಸ್ತೆ ಕಾಣುವುದಕ್ಕೆ ಅಡ್ಡ ಬರದ ಹಾಗೆ ಇಡಬೇಕು.

2017ರ ಡಿಸೆಂಬರಿನಿಂದ ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲೇ ಸ್ಯಾಟ್‌ನ್ಯಾವ್ ಸೇರಿದೆ. ಟೆಸ್ಟಿನ ಒಂದು ಭಾಗದಲ್ಲಿ ಅದು ಹೇಳಿದ ದಾರಿಯಲ್ಲಿ ಓಡಿಸಬೇಕು. ಕೆಲವು ಟೆಸ್ಟುಗಳಲ್ಲಿ ಬೋರ್ಡ್ ನೋಡಿಕೊಂಡು ಹೋಗಿಸುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದು: ದಾರಿ ತಪ್ಪಿದರೆ ಅಂಕ ಹೋಗುವುದಿಲ್ಲ. ತಪ್ಪಿದ ದಾರಿಯಲ್ಲೂ ಜೋಪಾನವಾಗಿ ಓಡಿಸುತ್ತೀರಾ ಅಂತ ಮಾತ್ರ ನೋಡುತ್ತಾರೆ. ಆ ಸಂಜೆ ನನಗೆ ಬೇಕಾಗಿದ್ದುದೂ ಅದೇ ಧೈರ್ಯ.

ಹಾಗಾಗಿ ತಮ್ಮಾ, ಸದ್ಯಕ್ಕೆ ಬೇರೆ ಸ್ಯಾಟ್‌ನ್ಯಾವ್ ಕೊಳ್ಳಬೇಡ. ಒಂದು ಗಟ್ಟಿ ಸ್ಟ್ಯಾಂಡ್, ಒಂದು ಕಾರ್ ಚಾರ್ಜರ್ ತಗೋ. ಮೊದಲ ವಾರ ಫೋನ್ ಹೇಳಿದ ಹಾಗೆ ಹೋಗು. ಎರಡನೇ ವಾರದಿಂದ ಆಫೀಸಿನ ದಾರಿಗೆ ಅದನ್ನು ಹಾಕಬೇಡ, ಬೋರ್ಡ್ ಓದು. ಮೊದಲ ಭಾನುವಾರ ನಾನು ಪಕ್ಕದಲ್ಲಿ ಕೂರುತ್ತೇನೆ, ಎ61ರಲ್ಲಿ ಹೋಗಿ ಬರೋಣ.