ಸಿಗಡಿ ಮೈಮೇಲಿನ ಕಪ್ಪು ಗುರುತು

ಮಾರ್ಚ್ 12, 2024, ಮಂಗಳವಾರ. ಕುಮಟಾ

ಸಂಜೆ ಭಾವನ ಸಿಗಡಿ ಹೊಂಡದ ಕಡೆ ಹೋಗಿದ್ದೆ. ಮೇವು ತಿಂದಿದ್ಯಾ, ಆರೋಗ್ಯ ಹೇಗಿದೆ ಅಂತ ನೋಡೋಕೆ ನೀರಲ್ಲಿ ಇಳಿಬಿಟ್ಟ ಚೆಕ್ ಟ್ರೇ ಎತ್ತಿದ್ರೆ ಒಂದು ವೆನಾಮಿ ಜಾತಿಯ ಸಿಗಡಿಯ ಬಾಲದ ಹತ್ರ ಎಳ್ಳುಕಾಳಿನಷ್ಟು ಕಪ್ಪು ಗುರುತು, ಪಕ್ಕದ ಹೊಂಡದವ್ರು ನೋಡಿದ್ದೇ ತಡ "ರೋಗ ಬಂತು ಮಾರಾಯ, ಬೇಗ ಹಿಡ್ದು ಮಾರ್ಬಿಡು" ಅಂದ್ರು. ಭಾವ ನಕ್ಕು "ಅದು ಗಾಯ ಆರಿದ್ದು" ಅಂದ್ರು.

ನಿಜಾನೇ. ಸಿಗಡಿಗೆ ನಮ್ಮ ಹಾಗೆ ಆ್ಯಂಟಿಬಾಡಿ ಇಲ್ಲ, ಅದಕ್ಕೇ ನಮ್ಮ ಥರದ ಲಸಿಕೆ ಅದರ ಹತ್ರ ನಡೆಯಲ್ಲ. ಚಿಪ್ಪೇ ಮೊದಲ ಗೋಡೆ. ಅದು ಒಡೆದು ಬ್ಯಾಕ್ಟೀರಿಯಾ ಒಳಗೆ ಹೋದ್ರೆ ರಕ್ತದ ಕಣಗಳು ಅಲ್ಲಿಗೆ ಮುತ್ತಿ ಕೆಲವನ್ನ ನುಂಗ್ತವೆ, ಕೆಲವನ್ನ ಸುತ್ತುಗಟ್ತವೆ, ಜೊತೆಗೆ ಒಂದು ಕಿಣ್ವ ಬಿಡ್ತವೆ, ಅದರಿಂದ ಮೆಲನಿನ್ ಆಗಿ ಶತ್ರು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ, ಆ ಕಪ್ಪು ಬಂದಿದ್ದು ಹಾಗೆ. ಒಂದೆರಡರಲ್ಲಿ ಕಂಡ್ರೆ ಓಕೆ, ಟ್ರೇ ತುಂಬ ಕಂಡ್ರೆ ಮಾತ್ರ ನೀರು ಕೆಟ್ಟಿದೆ ಅಂತ ಲೆಕ್ಕ. ಅಂದಹಾಗೆ ಅದರ ರಕ್ತ ಕೆಂಪಲ್ಲ, ಕಬ್ಬಿಣದ ಬದಲು ತಾಮ್ರ ಇರೋದ್ರಿಂದ ತಿಳಿ ನೀಲಿ.

ಬಿಳಿ ಚುಕ್ಕಿ ಬಂದ್ರೆ ಕಥೆನೇ ಬೇರೆ. ವೈಟ್ ಸ್ಪಾಟ್ ವೈರಸ್ 1994ರ ಹೊತ್ತಿಗೆ ನಮ್ಮ ದೇಶಕ್ಕೆ ಬಂದು ಟೈಗರ್ ಸಿಗಡಿ ಸಾಕಿದವ್ರನ್ನ ಮಲಗಿಸ್ತು, ಹೊಂಡಕ್ಕೆ ನುಗ್ಗಿದ್ರೆ ಮೂರರಿಂದ ಹತ್ತು ದಿನದಲ್ಲಿ ಪೂರ್ತಿ ಖಾಲಿ. 2009ರಿಂದ ವೆನಾಮಿಗೆ ಪರ್ಮಿಷನ್ ಸಿಕ್ತು, ಅದರ ತಾಯಿ ಸಿಗಡಿನ ರೋಗ ಇಲ್ಲದ್ದು ಅಂತ ಟೆಸ್ಟ್ ಮಾಡಿಯೇ ಹೊರಗಿಂದ ತರಿಸೋದು, ಆದ್ರೆ ಅದರ ಮರಿಗೆ ಇಲ್ಲಿ ರೋಗ ತಗಲಲ್ಲ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ನೀರು 32 ಡಿಗ್ರಿ ದಾಟಿದ್ರೆ ಈ ವೈರಸ್‌ನ ಜೋರು ತಗ್ಗುತ್ತೆ, ಮಳೆ ಬಂದು ತಣ್ಣಗಾದ್ರೆ ಸಿಗಡಿಗೇ ಕಷ್ಟ.

ಅಂಗಡಿಯವ್ರು ಇಮ್ಯುನಿಟಿ ಬೂಸ್ಟರ್ ಅಂತ ಪ್ಯಾಕೆಟ್ ಮಾರ್ತಾರೆ. ಯೀಸ್ಟಿಂದ ತೆಗೆದ ಗ್ಲೂಕನ್ ಆ ರಕ್ತಕಣಗಳನ್ನ ಎಚ್ಚರಿಸೋದೇನೋ ಹೌದು, ಆದ್ರೆ ತಳದಲ್ಲಿ ಕೆಸರು ಕೊಳೀತಾ ಇರುವಾಗ ಅದನ್ನ ಸುರಿದ್ರೆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಅದರ ಬದಲು ವೈರಸ್ ಹೊತ್ತು ತರೋ ಏಡಿ ಬರದ ಹಾಗೆ ಸುತ್ತ ಬಲೆ ಕಟ್ಟಲಿ, ಕಾಗೆ ಸತ್ತ ಸಿಗಡಿ ಕಚ್ಚಿಕೊಂಡು ಪಕ್ಕದ ಹೊಂಡಕ್ಕೆ ಹಾಕದ ಹಾಗೆ ಮೇಲೆ ದಾರ ಎಳೀಲಿ.

ಅಮಾವಾಸ್ಯೆ ಕಳೆದು ಎರಡು ದಿನ ಆಯ್ತು, ಸುಮಾರು ಸಿಗಡಿ ಚಿಪ್ಪು ಬಿಟ್ಟು ಮೈ ಮೆತ್ತಗಿವೆ, ಇನ್ನೇನು ರೋಗ ಹತ್ತೋಕೆ ಸುಲಭದ ಟೈಮ್. ಹಾಗಾಗಿ ಫೀಡ್ ಸ್ವಲ್ಪ ಕಮ್ಮಿ, ಮಿನರಲ್ ಜಾಸ್ತಿ, ನೀರಿಗೆ ಗಾಳಿ ಬೆರೆಸೋ ಏರಿಯೇಟರ್ ರಾತ್ರಿ ಪೂರ್ತಿ. ಕರೆಂಟ್ ಹೋದ್ರೆ ಜನರೇಟರ್ ಹಾಕೋಕೆ ಏಳೋದು ಯಾರು ಅಂತ ಅಕ್ಕ ಭಾವನಿಗೆ ಜಗಳ ನಡೀತಾ ಇತ್ತು, ನಾನು ಊಟ ಮುಗಿಸಿ ಮನೆಗೆ ಬಂದೆ.