ಗೋವಾ ಬೀಚಲ್ಲಿ ಮಾರೋ ನಮ್ಮ ಲಂಬಾಣಿ ಹೆಂಗಸರು

ಗೋವಾಕ್ಕೆ ಹೋದವರೆಲ್ಲ ನೋಡಿರ್ತೀರ, ಬಾಗಾ, ಕಲಂಗುಟ್, ಅಂಜುನಾ ಕಡೆ ಮಣಿಸರ, ಕಾಲ್ಗೆಜ್ಜೆ, ಕನ್ನಡಿ ಕೂರಿಸಿದ ಚೀಲ ಹೊತ್ಕೊಂಡು ಬಿಸಿಲಲ್ಲಿ ಓಡಾಡೋ ಲಂಬಾಣಿ ಹೆಂಗಸರನ್ನ. ಮಾತಾಡಿಸಿದ್ರೆ ತುಂಬಾ ಜನ ನಮ್ಮ ಉತ್ತರ ಕರ್ನಾಟಕದ ತಾಂಡಾದವರೇ, ಕನ್ನಡದಲ್ಲೇ ಉತ್ತರ ಕೊಡ್ತಾರೆ.

ದೇಶ ದೇಶಗಳ ನಡುವಿನ ವ್ಯಾಪಾರ ಮುಕ್ತ ಆದ್ರೆ ಟೂರಿಸಂ ಬೆಳೆಯುತ್ತೆ, ಹೆಂಗಸರಿಗೆ ಕೆಲಸ ಸಿಗುತ್ತೆ ಅಂತ ಯಾರಾದ್ರೂ ಅಂದಾಗ್ಲೆಲ್ಲ ನಂಗೆ ಇವರೇ ನೆನಪಾಗೋದು. ಕೆಲಸ ಸಿಗುತ್ತೆ, ಇಲ್ಲ ಅನ್ನಲ್ಲ. ಜಗತ್ತಲ್ಲಿ ಈ ಉದ್ಯಮದಲ್ಲಿ ದುಡಿಯೋರಲ್ಲಿ 54% ಹೆಂಗಸರೇ ಅಂತ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ 2019ರ ವರದಿ ಹೇಳಿತ್ತು, ಆದ್ರೆ ಗಂಡಸರಿಗಿಂತ 14.7% ಕಮ್ಮಿ ಸಂಬಳ ಅಂತಾನೂ ಅದರಲ್ಲೇ ಇದೆ.

1995ರಲ್ಲಿ ಡಬ್ಲ್ಯುಟಿಒ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆ ಜೊತೆಗೆ ಗ್ಯಾಟ್ಸ್ ಅನ್ನೋ ಸೇವಾ ವ್ಯಾಪಾರದ ಒಪ್ಪಂದ ಬಂತಲ್ಲ, ಅದರಲ್ಲಿ ನಮ್ಮ ದೇಶ ಹೋಟೆಲ್, ಟ್ರಾವೆಲ್ ಏಜೆನ್ಸಿಗಳಿಗೆ ವಿದೇಶಿ ಬಂಡವಾಳ ಬರಬಹುದು ಅಂತ ಒಪ್ಕೊಂಡ್ತು, ಆಮೇಲೆ ಹೋಟೆಲ್‌ಗಳಲ್ಲಿ ವಿದೇಶಿಯರ ಪಾಲು 100%ವರೆಗೂ ಇರಬಹುದು ಅಂತಾಯ್ತು. ದುಡ್ಡು ಹಾಕೋರು ಯಾವ ದಾರೀಲಿ ಬರಬೇಕು ಅನ್ನೋದೆಲ್ಲ ಬರೆದಿಟ್ಟಿದ್ದಾರೆ, ರೂಮ್ ಗುಡಿಸಿ ಬೆಡ್‌ಶೀಟ್ ಬದಲಾಯಿಸೋ ಹೆಂಗಸು ಹೋಟೆಲಿನ ನೌಕರಳಾ ಇಲ್ಲಾ ಗುತ್ತಿಗೆದಾರನ ಕೈಕೆಳಗಿನವಳಾ, ಮಳೆಗಾಲದಲ್ಲಿ ಸೀಸನ್ ನಿಂತಾಗ ಅವಳ ಪಿಎಫ್, ಸಂಬಳದ ಕತೆ ಏನು, ಇದನ್ನ ಅಲ್ಲಿ ಯಾರೂ ಕೇಳಿಲ್ಲ.

ಬೀಚಲ್ಲಿ ಮಾರೋರಿಗಂತೂ ಎರಡು ಕಡೆಯಿಂದ ಪೆಟ್ಟು. 2001ರ ಏಪ್ರಿಲ್ 1ಕ್ಕೆ ನಮ್ಮ ದೇಶ ಕೊನೇ 715 ಸಾಮಾನುಗಳ ಆಮದಿನ ಮೇಲಿದ್ದ, ಇಷ್ಟೇ ತರಿಸಬಹುದು ಅನ್ನೋ ಮಿತಿ ತೆಗೀತು. ಮಷೀನಲ್ಲಿ ಹೊಲಿದ ಚೀಲ, ಪ್ಲಾಸ್ಟಿಕ್ ಮಣಿ ಅಗ್ಗಕ್ಕೆ ಸಿಗೋವಾಗ ರಾತ್ರಿ ಕೂತು ಕೈಯಲ್ಲಿ ಕಸೂತಿ ಹಾಕಿದ ಚೀಲಕ್ಕೆ ಪ್ರವಾಸಿಗರು ಯಾಕೆ ನಾಲ್ಕು ಪಟ್ಟು ಕೊಡ್ತಾರೆ ಹೇಳಿ, ಹಾಗಾಗಿ ತಾವೇ ಹೊಲಿಯೋದು ಬಿಟ್ಟು ಸಗಟು ಅಂಗಡಿಯಿಂದ ತಂದು ಮಾರೋ ಹಂಗಾಗುತ್ತೆ, ಲಾಭದ ದೊಡ್ಡ ಪಾಲು ಅಂಗಡಿಯವನಿಗೇ ಹೋಗುತ್ತೆ, ತಾಯಿಯಿಂದ ಮಗಳಿಗೆ ಬರ್ತಿದ್ದ ಕೈಕೆಲಸನೂ ಹೋಗುತ್ತೆ. ಅದೇ 2001ರಲ್ಲಿ ಗೋವಾ ಸರ್ಕಾರ ಪ್ರವಾಸಿ ತಾಣಗಳ ರಕ್ಷಣೆಗೆ ಅಂತ ಕಾಯ್ದೆ ತಂತು, ಪ್ರವಾಸಿಗರ ಹಿಂದೆ ಹೋಗಿ ಮಾರಿದ್ರೆ ದಂಡ. ಹೊರದೇಶದ ದುಡ್ಡಿಗೆ ಗೇಟ್ ಪೂರ್ತಿ ತೆಗೆದು, ಪಕ್ಕದ ರಾಜ್ಯದಿಂದ ತಲೆ ಮೇಲೆ ಗಂಟು ಹೊತ್ತು ಬಂದ ಹೆಂಗಸನ್ನ ಓಡಿಸೋದು, ಇದು ನಂಗೆ ಅನ್ಯಾಯ ಅಂತಲೇ ಅನಿಸುತ್ತೆ.

2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ, ವ್ಯಾಪಾರದ ಜಾಗ, ಗುರುತಿನ ಚೀಟಿ ವಿಷಯ ನೋಡೋ ಅದರ ಪಟ್ಟಣ ವ್ಯಾಪಾರ ಸಮಿತಿಲಿ 40% ಆದ್ರೂ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ಬೀಚ್ ಹತ್ರ ಒಂದು ಜಾಗ, ಗುರುತಿನ ಚೀಟಿ ಕೊಡೋಕೆ ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದ ಏನೂ ಬೇಕಾಗಿಲ್ಲ. ಊರು, ಮನೆ, ಮಕ್ಕಳು ಇಲ್ಲೇ ಇರೋರು ಇವರು, ಕರ್ನಾಟಕ ಸರ್ಕಾರವೇ ಗೋವಾದವರ ಜೊತೆ ಕೂತು ಈ ವಿಷಯ ಮಾತಾಡ್ಬೇಕು, ಅದೂ ಮುಂದಿನ ಸೀಸನ್ ಶುರುವಾಗೋ ಮುಂಚೆ.