ಮಳೆಗಾಲದ ಕರೆಂಟ್ ಟ್ರಿಪ್: ನ್ಯೂಟ್ರಲ್ ಕಡೆ ನೋಡಿ

2024 ಜೂನ್ 25, ಮಂಗಳವಾರ

ಆರಿದ್ರಾ ಮಳೆ ಹಿಡಿದಿದೆ. ಗೀಸರ್ ಹಾಕಿದ ಕೂಡಲೇ ಮನೆಯಿಡೀ ಕರೆಂಟು ಹೋಗುತ್ತದೆ ಎಂಬ ದೂರು ಶುರುವಾಗುವುದೂ ಈಗಲೇ. ಎಷ್ಟೋ ಕಡೆ ಗೀಸರಿಗೆ ಹೊಸ ಕಾಯಿಲ್ ಹಾಕಿಸಿದರೂ ಟ್ರಿಪ್ ನಿಲ್ಲುವುದಿಲ್ಲ.

ಡಿಬಿಯಲ್ಲಿ (ಸ್ವಿಚ್ಚುಗಳಿರುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಮೊದಲು ಬಿದ್ದದ್ದು, ಅಂದರೆ ತಾನಾಗಿ ಆಫ್ ಆದದ್ದು ಯಾವುದು ನೋಡಿ. ಎಂಸಿಬಿ (ಒಂದೊಂದು ಲೈನಿನ ಚಿಕ್ಕ ಸ್ವಿಚ್ಚು) ಬಿದ್ದರೆ ಓವರ್‌ಲೋಡ್ ಅಥವಾ ಶಾರ್ಟ್. ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಬಿದ್ದರೆ ಅರ್ತ್ ಕಡೆ ಸೋರಿಕೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿದರೆ ಬೀಳುವಂಥದು.

ಗೀಸರ್ ಪ್ಲಗ್ ಕಿತ್ತು, ಬೇರೆ ಕೋಣೆಯಲ್ಲಿ ಎರಡು ಪಿನ್ನಿನ ಹೇರ್ ಡ್ರೈಯರ್ ಹಚ್ಚಿ. ಅದಕ್ಕೆ ಅರ್ತ್ ವೈರೇ ಇಲ್ಲ, ಸೋರುವ ದಾರಿಯೂ ಇಲ್ಲ. ಆದರೂ ಟ್ರಿಪ್ ಆದರೆ ಎಲ್ಲೋ ನ್ಯೂಟ್ರಲ್ (ಕರೆಂಟು ಮರಳುವ ವೈರು) ಅರ್ತ್‌ಗೆ ತಾಗಿದೆ ಎಂದು ಮೊದಲು ಅನುಮಾನಿಸಬೇಕು. ತಾಗಿದ ಜಾಗ ಸಿಟೌಟಿನ ದೀಪದ್ದಾಗಿರಬಹುದು, ಗೇಟಿನದಾಗಿರಬಹುದು. ಡಿಬಿಯಲ್ಲಿ ನ್ಯೂಟ್ರಲ್‌ಗಳೆಲ್ಲ ಒಂದೇ ಲೋಹದ ಪಟ್ಟಿಗೆ ಸೇರುವುದರಿಂದ, ಮರಳುವ ಕರೆಂಟಿನಲ್ಲಿ ಒಂದು ಪಾಲು ಆ ಜಾಗದಿಂದ ಅರ್ತ್‌ಗೆ ಇಳಿಯುತ್ತದೆ; ಆರ್‌ಸಿಸಿಬಿಗೆ ಅದೂ ಸೋರಿಕೆಯೇ. 9 ವ್ಯಾಟ್ ಬಲ್ಬಿಗೆ ಆ ಪಾಲು ತೀರಾ ಸಣ್ಣದು. 2000 ವ್ಯಾಟ್ ಗೀಸರ್ ಎಂದರೆ ಸುಮಾರು 8.7 ಆಂಪಿಯರ್, ಪಾಲು 30 ಮಿಲಿಆಂಪಿಯರ್ ದಾಟಿಬಿಡುತ್ತದೆ. ಸಿಂಗಲ್ ಪೋಲ್ ಎಂಸಿಬಿ ಆಫ್ ಮಾಡಿದರೆ ಫೇಸ್ (ಕರೆಂಟು ಬರುವ ವೈರು) ಮಾತ್ರ ಕಡಿಯುತ್ತದೆ. ಹಾಗಾಗಿ ಗೇಟ್ ದೀಪದ ಎಂಸಿಬಿ ಆಫ್ ಇದ್ದರೂ ಅದರ ನ್ಯೂಟ್ರಲ್ ಕಾಟ ಕೊಡುತ್ತಲೇ ಇರುತ್ತದೆ.

(ಎರಡು ಆರ್‌ಸಿಸಿಬಿ ಇರುವ ಮನೆಯಲ್ಲಿ ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಜೋಡಿಸಿಬಿಟ್ಟರೂ ಹೀಗೇ. ಯುಪಿಎಸ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಮೊದಲು ಅಲ್ಲೇ ನೋಡಿ.)

ಹುಡುಕುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಮೈನ್, ಆರ್‌ಸಿಸಿಬಿ, ಎಂಸಿಬಿಗಳೆಲ್ಲ ಆಫ್, ಪ್ಲಗ್‌ಗಳೆಲ್ಲ ಹೊರಗೆ. ಮೈನ್ ಸ್ವಿಚ್ಚಿಗೆ ಬರುವ ವೈರಿನಲ್ಲಿ ಆಗಲೂ ಕರೆಂಟು ಇರುತ್ತದೆ, ಅತ್ತ ಕೈ ಹೋಗಬಾರದು. ನ್ಯೂಟ್ರಲ್ ವೈರುಗಳಿಗೆ ಟೇಪ್ ಸುತ್ತಿ ನಂಬರ್ ಬರೆದು, ಪಟ್ಟಿಯಿಂದ ಒಂದೊಂದಾಗಿ ಬಿಚ್ಚಿ, 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರು) ಅರ್ತ್‌ಗೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿದ್ದೇ ಕಳ್ಳ ವೈರು. ಮಲ್ಟಿಮೀಟರಿನ ಬ್ಯಾಟರಿ ವೋಲ್ಟೇಜಿಗೆ ತೇವದ ಸೋರಿಕೆ ಎಷ್ಟೋ ಸಲ ಕಾಣುವುದೇ ಇಲ್ಲ.

ಆ ವೈರಿನ ದಾರಿಯಲ್ಲಿ ಹೊರಗಿನ ಬಾಕ್ಸ್‌ಗಳನ್ನು ಮೊದಲು ಬಿಚ್ಚಿ. ಪೈಪಿನ ಬಗ್ಗಿದ ಜಾಗದಲ್ಲಿ ನೀರು ನಿಂತು, ಬರೀ ಟೇಪ್ ಸುತ್ತಿದ ಜಾಯಿಂಟ್ ಅದರಲ್ಲಿ ನೆನೆಯುತ್ತಿರುವುದು ಮಾಮೂಲು. ಒಣಗಿಸಿದರೆ ಮುಂದಿನ ಮಳೆಯವರೆಗೆ ಮಾತ್ರ. ಜಾಯಿಂಟ್ ಇಲ್ಲದ 1.5 ಚದರ ಮಿಲಿಮೀಟರ್ ವೈರು ಹೊಸದಾಗಿ ಎಳೆದು, ಬಾಕ್ಸಿಗೆ ಕೆಳಗಿನಿಂದ ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಮುಚ್ಚಳ) ಹಾಕಿ ಒಳಗೆ ತನ್ನಿ.

ಸದ್ಯಕ್ಕೆ ಆರ್‌ಸಿಸಿಬಿ ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವರಿಗೆ ದಯವಿಟ್ಟು ಒಪ್ಪಬೇಡಿ. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಜೀವ ಉಳಿಸಲು ಇರುವುದು ಅದೊಂದೇ. ಶಾಕ್‌ನ ಅಷ್ಟು ಸಣ್ಣ ಕರೆಂಟಿಗೆ 16 ಆಂಪಿಯರ್ ಎಂಸಿಬಿ ಬೀಳುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಗೀಸರ್ ಹಾಕಿ ನೋಡಿ, ಆಮೇಲೆ ಟೆಸ್ಟ್ ಗುಂಡಿ ಒತ್ತಿ. ಒತ್ತಿದರೂ ಬೀಳದ ಆರ್‌ಸಿಸಿಬಿಯನ್ನು ಅಂದೇ ಬದಲಿಸಿ.